ತಂದೆತನಕ್ಕೆ ರಾಜೀನಾಮೆಯಿಲ್ಲ

ಒಂದು ಬಗೆಯ ಕಾಗದ ಉಂಟು. ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಗಳ ನಮ್ಮ ಓದುಗರಲ್ಲಿ ಹಲವರು ಅದನ್ನು ಕಂಡಿರಬಹುದು. ಕೆಲವರು ಸಾಕ್ಷಿಯೆಂದು ಅದರ ಅಡಿಯಲ್ಲಿ ರುಜು ಹಾಕಿರಲೂಬಹುದು. ಸ್ಟಾಂಪು ಕಾಗದದ ಮೇಲೆ ಬರೆದು, ನೋಟರಿಯ ಮೊಹರು ಒತ್ತಿಸಿದ ಕಾಗದ. ಒಕ್ಕಣೆ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ: ನಾವಿಬ್ಬರೂ ಸ್ವಸಂತೋಷದಿಂದ ಬೇರೆಯಾಗಿದ್ದೇವೆ, ಮಗುವಿನ ಮೇಲೆ ನನಗೆ ಇನ್ನು ಯಾವ ಹಕ್ಕೂ ಇಲ್ಲ ಎಂದು ಗಂಡ ಬರೆದುಕೊಡುತ್ತಾನೆ, ಮಗುವಿನ ಖರ್ಚಿಗೆಂದು ಅವರ ಹತ್ತಿರ ಇನ್ನೆಂದೂ ಒಂದು ಕಾಸನ್ನೂ ಕೇಳುವುದಿಲ್ಲ ಎಂದು ಹೆಂಡತಿ ಬರೆದುಕೊಡುತ್ತಾಳೆ. ಋಣಾನುಬಂಧ ಇಷ್ಟೇ ಇತ್ತು ಎಂದು ಹಿರಿಯರು ನಾಲ್ವರು ಎಲೆಯಡಿಕೆ ಹಾಕಿಕೊಂಡು ಏಳುತ್ತಾರೆ. ಒಂದು ರಗಳೆ ಮುಗಿಯಿತು ಎಂದು ಎರಡು ಮನೆಯವರೂ ಉಸಿರು ಬಿಡುತ್ತಾರೆ.

ಆ ಕಾಗದಕ್ಕೆ ರುಜು ಹಾಕದವರು ಒಬ್ಬರಿದ್ದಾರೆ. ಅವರಿಗೆ ಇನ್ನೂ ಅಕ್ಷರ ಬಾರದು. ಅವರ ಅಕ್ಕಿ, ಅವರ ಔಷಧ, ಅವರ ಶಾಲೆಯ ಚೀಲ, ಇಷ್ಟರ ವಿಷಯವನ್ನೇ ಅಲ್ಲಿ ಅವರನ್ನು ಕೇಳದೆ ತೀರ್ಮಾನಿಸಿದ್ದು.

ಈ ಕಾಗದ ಸೊನ್ನೆ ಎಂದು ನಾವು ಹೇಳುತ್ತೇವೆ. ಹಾಗಿದ್ದೂ ಅದು ನಡೆಯುತ್ತದೆ. ಸೊನ್ನೆಯಾದದ್ದು ಹೇಗೆ ನಡೆಯುತ್ತದೆ, ಯಾರ ಕೃಪೆಯಿಂದ ನಡೆಯುತ್ತದೆ ಎಂಬುದನ್ನು ದುಡಿಯುವ ಜನ ಅರಿತುಕೊಳ್ಳಬೇಕು.

ಅಂಗಡಿ ಇಟ್ಟವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಬ್ಬರು ಪಾಲುಗಾರರು ಮಂಗಳೂರಿನ ಸಗಟು ವ್ಯಾಪಾರಿಯಿಂದ ಸರಕು ತಂದಿದ್ದಾರೆ, ಬಾಕಿ ಉಳಿದಿದೆ ಎನ್ನೋಣ. ಪಾಲುಗಾರಿಕೆ ಮುರಿದ ದಿನ ಅವರಿಬ್ಬರೇ ಕುಳಿತು, ಬಾಕಿಯಲ್ಲಿ ನನ್ನ ಪಾಲನ್ನು ನಾನು ಬಿಟ್ಟಿದ್ದೇನೆ ಎಂದು ಒಬ್ಬನು, ಆಗಲಿ ಎಂದು ಇನ್ನೊಬ್ಬನು ಬರೆದುಕೊಂಡರೆ ಸಾಲ ತೀರಿತೇ? ಸರಕು ಕೊಟ್ಟವನು ಆ ಕಾಗದವನ್ನು ನೋಡಿ ನಗುತ್ತಾನೆ. ಸಾಲವನ್ನು ಬಿಡುವ ಅಧಿಕಾರ ಬರತಕ್ಕವನಿಗೆ ಉಂಟೇ ಹೊರತು ಕೊಡತಕ್ಕವರಿಗೆ ಇಲ್ಲ. ಮಗುವಿನ ಜೀವನಾಂಶದ ಲೆಕ್ಕದಲ್ಲಿ ಕೊಡತಕ್ಕವರು ತಂದೆ ತಾಯಿ, ಬರತಕ್ಕದ್ದು ಮಗುವಿಗೆ. ತಾಯಿ ತನಗೆ ಬರತಕ್ಕದ್ದನ್ನು ಬೇಕಾದರೆ ಬಿಡಲಿ. ಮಗುವಿನ ಪಾಲನ್ನು ಬಿಡಲು ಅವಳು ಯಾರು? ಅದನ್ನು ಬಿಡಿಸಿಕೊಳ್ಳಲು ಅವನು ಯಾರು?

ಕಾರ್ಖಾನೆಯ ಕೆಲಸಗಾರನಿಗೆ ಇನ್ನೊಂದು ಮಾತು. ನಿಗದಿಯಾದ ಕೂಲಿಗಿಂತ ಕಡಿಮೆಗೆ ದುಡಿಯಲು ನಾನೇ ಒಪ್ಪಿದ್ದೇನೆ ಎಂದು ಕೂಲಿಯವನಿಂದ ಬರೆಸಿಕೊಳ್ಳುವ ಧಣಿಗಳು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. 1948ರ ಕನಿಷ್ಠ ವೇತನದ ಕಾನೂನು ತನ್ನ 25ನೇ ಕಲಮಿನಲ್ಲಿ, ಅಂಥ ಕರಾರು ಅಷ್ಟರ ಮಟ್ಟಿಗೆ ಅಸಿಂಧು ಎಂದು ಹೇಳಿತು. ಹಸಿದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಕೂಡದು ಎಂಬುದು ಕಾರ್ಮಿಕ ವರ್ಗ ಹೋರಾಡಿ ಗೆದ್ದ ತತ್ವ. ಹಂಚಿನ ಕಾರ್ಖಾನೆಯ ಬಾಗಿಲಲ್ಲಿ ನಾವು ಯಾವ ತತ್ವಕ್ಕಾಗಿ ಕೂಗುತ್ತೇವೋ ಅದನ್ನೇ ಮನೆಯ ಜಗಲಿಯಲ್ಲಿ ಮುರಿಯುವುದು ಯಾವ ಸೀಮೆಯ ಸಮಾಜವಾದ? ಧಣಿಯು ನಮ್ಮಿಂದ ಬರೆಸಿಕೊಂಡರೆ ಅನ್ಯಾಯ. ನಾವು ಹೆಂಡತಿಯಿಂದ ಬರೆಸಿಕೊಂಡರೆ ರಾಜಿ!

ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇವೆ, ಏಕೆಂದರೆ ಅದರಲ್ಲಿ ತಕರಾರಿಗೆ ಎಡೆ ಕಡಿಮೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾನೂನಿನ 20ನೇ ಕಲಮು ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸಿದೆ. ಮದುವೆಯಲ್ಲಿ ಹುಟ್ಟಿದ ಮಗು, ಮದುವೆಯ ಹೊರಗೆ ಹುಟ್ಟಿದ ಮಗು ಎಂಬ ಭೇದ ಅದರಲ್ಲಿಲ್ಲ. ಜಾತಿ ಮತ ನೋಡದೆ ಎಲ್ಲರಿಗೂ ಸಲ್ಲುವ ಮೆಜಿಸ್ಟ್ರೇಟರ ಆಜ್ಞೆ ಇನ್ನೊಂದು ಉಂಟು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 488ನೇ ಕಲಮು, 1973ರ ಸಂಹಿತೆಯಲ್ಲಿ 125, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144. ನಂಬರು ಬದಲಾಗಿದೆ, ಹೊಣೆ ಬದಲಾಗಿಲ್ಲ. ಮುಸಲ್ಮಾನ ತಂದೆಗೂ ಈ ಹೊಣೆ ತಪ್ಪಿದ್ದಲ್ಲವೆಂದು, ತಲಾಖಾದರೂ ಮಕ್ಕಳ ಅನ್ನ ನಿಲ್ಲುವುದಿಲ್ಲವೆಂದು, ನೂರ್ ಸಬಾ ಖಾತೂನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಹೇಳಿಯಾಗಿದೆ. ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು ಕರಾರೇ ಅಲ್ಲ ಎಂದು 1872ರ ಕರಾರು ಕಾನೂನಿನ 23ನೇ ಕಲಮು ಬ್ರಿಟಿಷರ ಕಾಲದಿಂದಲೂ ಹೇಳುತ್ತಿದೆ. ಮಗುವಿನ ಅನ್ನವನ್ನು ಬಿಟ್ಟುಕೊಡುವ ಕರಾರು ಸಾರ್ವಜನಿಕ ಹಿತಕ್ಕೆ ವಿರುದ್ಧವಲ್ಲದಿದ್ದರೆ ಇನ್ನು ಯಾವುದು?

ಹಾಗಾದರೆ ತಂದೆ ತಾಯಿಯಾದವರು ಆ ಸಂಬಂಧದಿಂದ ಹೊರಗೆ ಬರಲು ದಾರಿಯೇ ಇಲ್ಲವೇ ಎಂದು ಕೇಳಬಹುದು. ಉಂಟು. ಒಂದು, ಮಗುವನ್ನು ದತ್ತು ಕೊಡುವುದು. ಎರಡು, 2015ರ ಬಾಲನ್ಯಾಯ ಕಾನೂನಿನ 35ನೇ ಕಲಮಿನ ಪ್ರಕಾರ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸುವುದು. ತಮ್ಮ ಕೈಮೀರಿದ ದೈಹಿಕ, ಮಾನಸಿಕ, ಸಾಮಾಜಿಕ ಕಾರಣಗಳಿಂದ ಸಾಕಲಾರದವರಿಗೆ ಇಟ್ಟ ದಾರಿ ಇದು. ಸಮಿತಿ ವಿಚಾರಣೆ ಮಾಡುತ್ತದೆ, ಬುದ್ಧಿಮಾತು ಹೇಳುತ್ತದೆ, ಅನಂತರವೇ ಒಪ್ಪಿಸಿದ ಪತ್ರ ಬರೆಸಿಕೊಳ್ಳುತ್ತದೆ. ಮನಸ್ಸು ಬದಲಾದರೆ ಮಗುವನ್ನು ಮರಳಿ ಪಡೆಯಲು ಎರಡು ತಿಂಗಳ ವಾಯಿದೆ ಕೊಡುತ್ತದೆ. ಈ ಎರಡು ದಾರಿಗಳಲ್ಲೂ ಒಂದು ಮಾತು ಸಮಾನವಾಗಿದೆ, ಓದುಗರು ಗಮನಿಸಬೇಕು: ಹೆತ್ತವರು ಕೈ ಬಿಡುವ ಮೊದಲು ಇನ್ನೊಬ್ಬರು, ದತ್ತು ಪಡೆಯುವವರು ಅಥವಾ ಸರಕಾರ, ಮಗುವನ್ನು ಎತ್ತಿಕೊಂಡಿರುತ್ತಾರೆ. ನಾವು ಹೇಳುವ ಕಾಗದದಲ್ಲಿ ಎತ್ತಿಕೊಳ್ಳುವವರು ಯಾರೂ ಇಲ್ಲ. ಇಬ್ಬರು ಹೊರಬೇಕಾದ ಹೊರೆಯನ್ನು ಒಬ್ಬಳ ತಲೆಗೆ ಹೊರಿಸಿ ಅದಕ್ಕೆ ಹಕ್ಕು ತ್ಯಾಗವೆಂದು ಹೆಸರಿಟ್ಟಿದ್ದಾರೆ. ತ್ಯಾಗವಂತೆ!

ಮಗುವನ್ನು ಸಮಿತಿಗೆ ಒಪ್ಪಿಸಿ ಬಂದ ಹೆಂಗಸಿನ ಮೇಲೆ ಕಲ್ಲೆಸೆಯುವ ಮಂದಿ ಈ ಕಾಗದಕ್ಕೆ ಸಾಕ್ಷಿ ನಿಲ್ಲುವುದನ್ನೂ ನಾವು ಬಲ್ಲೆವು. ಹೆತ್ತ ಕೂಸನ್ನು ಎಲ್ಲೋ ಬಿಟ್ಟು ಹೋದರೆ ಪತ್ರಿಕೆಗಳು ನಿರ್ದಯಿ ತಾಯಿ ಎಂದು ದಪ್ಪಕ್ಷರದಲ್ಲಿ ಬರೆಯುತ್ತವೆ. ಹನ್ನೆರಡು ವರ್ಷದೊಳಗಿನ ಮಗುವನ್ನು ಬಿಟ್ಟು ಹೋದ ತಂದೆಗೂ ತಾಯಿಗೂ ಏಳು ವರ್ಷದ ತನಕ ಸೆರೆ ಎಂದು ನ್ಯಾಯ ಸಂಹಿತೆಯ 93ನೇ ಕಲಮು ಹೇಳುತ್ತದೆ. ಸ್ಟಾಂಪು ಕಾಗದದ ಮೇಲೆ ಬಿಟ್ಟು ಹೋದವನಿಗೆ ಮಾತ್ರ ಊರಿನಲ್ಲಿ ಎಂದಿನ ಮರ್ಯಾದೆ. ಮುಂದಿನ ಜಾತ್ರೆಯ ಹೊತ್ತಿಗೆ ಅವನಿಗೆ ಇನ್ನೊಂದು ಹೆಣ್ಣು ನೋಡುವವರೂ ಹುಟ್ಟುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಈ ಕಾಗದಕ್ಕೆ ಬೇರೆಲ್ಲಿಯೂ ಸಿಗದ ಒಂದು ಸಮರ್ಥನೆ ಸಿಗುತ್ತದೆ. "ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಬಳಿಗೆ ಸೇರಿದವರು. ಅಪ್ಪನಿಗೆ ಮಕ್ಕಳ ಮೇಲೆ ಹಕ್ಕೂ ಇರಲಿಲ್ಲ, ಹೊರೆಯೂ ಇರಲಿಲ್ಲ. ಇದು ಹಿರಿಯರು ಮಾಡಿಟ್ಟ ಕಟ್ಟು." ಜಗಲಿಯ ಮೇಲೆ ಈ ಮಾತು ಬಿದ್ದ ಕೂಡಲೇ ತಿಳಿದವರೂ ತಲೆದೂಗುತ್ತಾರೆ. ಆದುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಳಿಯಕಟ್ಟಿನ ಮೂಲವನ್ನು ಭೂತಾಳ ಪಾಂಡ್ಯನ ಕಥೆಗೆ ಜೋಡಿಸುತ್ತಾರೆ. ಕುಂಡೋದರ ಭೂತ ಗಂಡುಮಗುವಿನ ಬಲಿ ಕೇಳಿತು. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ. ಕಥೆ ಕಥೆಯಾಗಿರಲಿ. ಬಾಳುವೆಯಲ್ಲಿ ಆ ಕಟ್ಟು ಹೇಗಿತ್ತು? ಗಂಡಸು ತನ್ನ ಮಕ್ಕಳಿಗೆ ಅನ್ನ ಹಾಕಲೇಬೇಕೆಂದು ಅದು ಹೇಳಲಿಲ್ಲ, ನಿಜ. ಆದರೆ ಅದೇ ಗಂಡಸು ತನ್ನ ಅಕ್ಕತಂಗಿಯರ ಮಕ್ಕಳಿಗೆ ಅನ್ನ ಹಾಕಬೇಕಾಗಿತ್ತು. ಅದು ದಯೆಯಲ್ಲ. ಹೆಣ್ಣುಮಗಳ ಹೊಟ್ಟೆಯಲ್ಲಿ ಹುಟ್ಟಿದ ಪ್ರತಿ ಮಗುವೂ ಹುಟ್ಟಿದ ಗಳಿಗೆಯಿಂದಲೇ ಕುಟುಂಬದ ಆಸ್ತಿಯಲ್ಲಿ ಹಕ್ಕುದಾರ. ಯಜಮಾನನೋ ಯಜಮಾನ್ತಿಯೋ ಆ ಆಸ್ತಿಯಿಂದ ಅದನ್ನು ಸಾಕಲೇಬೇಕು. ತಂದೆಯ ಕೈ ಬಿಡುಗಡೆಯಾಗಿದ್ದರೆ ಸೋದರಮಾವನ ಕೈ ಕಟ್ಟಿತ್ತು. ಕೈಹಿಡಿದ ಗಂಡಸು ಹೊರಟುಹೋದರೂ ಹೆಣ್ಣು ತನ್ನ ತಾಯಿಮನೆಯ ಅಂಗಳದಲ್ಲೇ ಇರುತ್ತಿದ್ದಳು, ಯಾರದೋ ಹಂಗಿನವಳಾಗಿ ಅಲ್ಲ, ಹಕ್ಕಿನವಳಾಗಿ. ಇದನ್ನು ನಾವು ಹಾಡಿ ಹೊಗಳುವುದಿಲ್ಲ. ಭೂಮಿ ಇದ್ದ ಕುಟುಂಬಕ್ಕೆ ಈ ಕಟ್ಟು ಕೊಟ್ಟ ಆಸರೆ ಗೇಣಿ ಒಕ್ಕಲಿಗೆ, ಮೂಲದಾಳಿಗೆ ಎಲ್ಲಿತ್ತು? ಹಂಚಿಕೊಳ್ಳಲು ಅವನ ಹತ್ತಿರ ಇದ್ದದ್ದು ಹಸಿವು.

ಆಮೇಲೆ ಏನಾಯಿತು? ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗ ಬಂದ 1949ರ ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಒಡೆಯದ ಕುಟುಂಬಗಳು ಒಡೆದವು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ 7ನೇ ಕಲಮು, ಅಳಿಯಕಟ್ಟಿನ ಕುಟುಂಬದಲ್ಲಿ ಗಂಡಸಿಗಿದ್ದ ಪಾಲು ಅವನ ಮರಣಾನಂತರ ಹಳೆಯ ಕಟ್ಟಿನಂತೆ ಅಲ್ಲ, ಹೊಸ ಕಾನೂನಿನಂತೆ ಹೋಗಬೇಕೆಂದಿತು; ಅಂದರೆ ಅಳಿಯಂದಿರನ್ನು ದಾಟಿ ಸ್ವಂತ ಮಕ್ಕಳಿಗೆ, ಹೆಂಡತಿಗೆ, ತಾಯಿಗೆ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿ ಉಳುವವನದಾಯಿತು, ಅದು ಆಗಬೇಕಾದದ್ದೇ. ದೊಡ್ಡ ಕುಟುಂಬದ ಭೂಮಿ ಚದುರಿತು, ಮನೆಯ ಚಾವಡಿ ಖಾಲಿಯಾಯಿತು. ಸೋದರಮಾವನಿಗೆ ಈಗ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ತನ್ನದೇ ಸಂಸಾರ. ಸೊಸೆ ಮಗು ಕಟ್ಟಿಕೊಂಡು ಬಂದರೆ ಎರಡು ದಿನದ ಉಪಚಾರ ಉಂಟು, ಮೂರನೆಯ ದಿನ ಮುಖ ಸಣ್ಣದಾಗುತ್ತದೆ.

ಹೀಗೆ ಅಳಿಯಕಟ್ಟಿನ ಲಾಭವನ್ನು ಗಂಡಸು ಎರಡೂ ಕಡೆಯಿಂದ ಎತ್ತುತ್ತಿದ್ದಾನೆ. ಪಾಲು ಪಡೆಯುವಾಗ ಅವನು ಹೊಸ ಕಾನೂನಿನವನು: ನನ್ನ ಆಸ್ತಿ ನನ್ನದು, ಅಕ್ಕನ ಮಕ್ಕಳಿಗೆ ಅದರಲ್ಲಿ ಏನೂ ಇಲ್ಲ. ಹೊಣೆ ಹೊರುವಾಗ ಹಳೆಯ ಕಟ್ಟಿನವನು: ಮಕ್ಕಳು ತಾಯಿಯವರು, ನನಗೆ ಅವರಲ್ಲಿ ಏನೂ ಇಲ್ಲ. ಮಾವನಾಗಿ ಕೊಡಬೇಕಾದದ್ದನ್ನು ಕೊಡುವುದಿಲ್ಲ, ಅಪ್ಪನಾಗಿ ಕೊಡಬೇಕಾದದ್ದನ್ನೂ ಕೊಡುವುದಿಲ್ಲ. ಇಂಥವನು ಹಿರಿಯರ ಹೆಸರು ಹೇಳಿದರೆ ಹಿರಿಯರು ಮಸಣದಲ್ಲಿ ಮಗ್ಗುಲು ಬದಲಿಸಿಯಾರು.

ಇನ್ನು, ಈ ಕಾಗದದಲ್ಲಿ ಬರೆಯದೆ ಬಿಡುವ ಒಂದು ಸಾಲನ್ನು ನೋಡಿ. "ನಾನು ಮುದುಕನಾದಾಗ ಈ ಮಗುವಿನಿಂದ ಅನ್ನ ಕೇಳುವುದಿಲ್ಲ" ಎಂದು ಯಾವ ಗಂಡಸೂ ಬರೆದುಕೊಟ್ಟದ್ದನ್ನು ನಾವು ಕಂಡಿಲ್ಲ. ಬರೆಯಬೇಕಾಗಿಯೂ ಇಲ್ಲವಲ್ಲ! ಜೀವನಾಂಶದ ಅದೇ ಕಲಮು, ತಮ್ಮನ್ನು ತಾವು ಸಾಕಿಕೊಳ್ಳಲಾರದ ತಂದೆ ತಾಯಿಗೂ ಮಕ್ಕಳಿಂದ ಅನ್ನ ಕೊಡಿಸುತ್ತದೆ. ಅದರ ಮೇಲೆ 2007ರಲ್ಲಿ ವೃದ್ಧ ತಂದೆತಾಯಿಗಳಿಗೆಂದೇ ಬೇರೊಂದು ಕಾನೂನು ಬಂತು. ಮುದುಕರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಉಪವಿಭಾಗದ ಮಟ್ಟದ ನ್ಯಾಯಮಂಡಲಿಗೆ, ನಮ್ಮ ತಾಲೂಕಿನವರಾದರೆ ಪುತ್ತೂರಿನ ಎ.ಸಿ. ಕಚೇರಿಗೆ, ಅರ್ಜಿ ಹಾಕಿದರಾಯಿತು. ನೋಟೀಸು ಮುಟ್ಟಿದ ತೊಂಬತ್ತು ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾನೂನೇ ಹೇಳಿದೆ. ಅದು ಒಳ್ಳೆಯ ಕಾನೂನು. ವೃದ್ಧರಿಗೆ ಅದು ಬೇಕು. ಆದರೆ ಕೇಳುತ್ತೇವೆ: ಅರುವತ್ತು ದಾಟಿದ ತಂದೆಗೆ ಹತ್ತಿರದ ಕಚೇರಿ, ಮೂರು ತಿಂಗಳ ವಾಯಿದೆ, ಆರು ವರ್ಷದ ಮಗುವಿಗೆ ಮೊಕದ್ದಮೆ, ಮುದ್ದತ್ತಿನ ಮೇಲೆ ಮುದ್ದತ್ತು. ಮತ ಹಾಕುವ ವಯಸ್ಸಾದವರ ಹಸಿವಿಗೆ ಸರಕಾರದ ಕಿವಿ ಬೇಗ ತೆರೆಯುತ್ತದೆಯೇ? ಮಗುವನ್ನು ಕಾಗದದಲ್ಲಿ ಬಿಟ್ಟವನು ನಾಳೆ ಅದೇ ಮಗುವಿನ ಮೇಲೆ ಅರ್ಜಿ ಹಾಕಿಕೊಂಡು ಪುತ್ತೂರಿಗೆ ಹೋಗಬಲ್ಲ. ಇತ್ತ ಮಗುವಿನ ವಾರಸು ಹಕ್ಕೂ ಆ ಕಾಗದದಿಂದ ಸಾಯುವುದಿಲ್ಲ ಎಂಬುದನ್ನು ತಾಯಂದಿರು ತಿಳಿದಿರಲಿ.

ಸೊನ್ನೆಯಾದ ಕಾಗದ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಈಗ ಬರುತ್ತೇವೆ. ಅದು ಹೆಂಗಸಿನ ದಣಿವಿನ ಮೇಲೆ ನಡೆಯುತ್ತದೆ.

ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರು ಊರೂರಲ್ಲಿ ಇದ್ದಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರಬೇಕು. ಎಲೆ ನೆನೆಸಿ, ಕತ್ತರಿಸಿ, ಸುರುಟಿ, ನೂಲು ಸುತ್ತಿ, ಸಾವಿರದ ಲೆಕ್ಕದಲ್ಲಿ ಒಪ್ಪಿಸಬೇಕು. ಸರಿಯಿಲ್ಲ ಎಂದು ತಳ್ಳಿದ ಬೀಡಿಗೆ ಕೂಲಿ ಇಲ್ಲ. ಈ ಕೆಲಸಕ್ಕೆ ಹಾಜರಿ ಪುಸ್ತಕವಿಲ್ಲ, ರಜೆಯಿಲ್ಲ. ಬೆರಳು ಆಡಿದಷ್ಟು ಅನ್ನ. ಇಂಥವಳು ಮಗುವಿನ ಖರ್ಚಿಗಾಗಿ ಅರ್ಜಿ ಹಾಕುತ್ತಾಳೆ ಎನ್ನಿ. ಪ್ರತಿ ಮುದ್ದತ್ತಿನ ದಿನ ಬೀಡಿ ಇಲ್ಲ. ಗಂಡನ ವಿಳಾಸಕ್ಕೆ ಹೋದ ಸಮನ್ಸು ಮರಳಿ ಬಂತು, ಮುಂದಿನ ತಿಂಗಳು ಬಾ. ಅವನ ವಕೀಲರು ಬಂದಿಲ್ಲ, ಅದರ ಮುಂದಿನ ತಿಂಗಳು ಬಾ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ಬೇಡವಾಯಿತು, ಅಷ್ಟು ಉಪಕಾರ. ಆದರೆ ಕಳೆದ ದಿನದ ಕೂಲಿಯನ್ನು ಯಾವ ಬಸ್ಸೂ ತಂದುಕೊಡುವುದಿಲ್ಲ. ಕೊನೆಗೆ ಆಜ್ಞೆಯಾದರೂ ಹಣ ಬರಬೇಕಲ್ಲ? ಕೊಡದವನ ಮೇಲೆ ವಾರಂಟು ಬೇಕು, ಅದಕ್ಕೆ ಮತ್ತೆ ಅರ್ಜಿ. ಅವನು ಮುಂಬಯಿಯ ಹೋಟೆಲಿನಲ್ಲಿದ್ದಾನೋ ಕೊಲ್ಲಿ ದೇಶದಲ್ಲಿದ್ದಾನೋ, ಹುಡುಕುವ ಕೆಲಸವೂ ಅವಳದೇ.

ಈ ದಣಿವನ್ನು ಗಂಡಸಿನ ಕಡೆಯವರು ಚೆನ್ನಾಗಿ ಬಲ್ಲರು. ಆದುದರಿಂದಲೇ ಅವರು ಕಾಗದವನ್ನು ಮುಂದಿಡುತ್ತಾರೆ: "ಮಗುವಿನ ಹಣದ ಮಾತು ಬಿಡು, ನಾಳೆಯೇ ಬಿಡುಗಡೆಗೆ ರುಜು ಹಾಕುತ್ತೇನೆ." ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನೆಯನ್ನು ಸೇರಿಸಿದ್ದು ಕೂಡಿ ಬಾಳಲಾಗದವರು ಗೌರವದಿಂದ ಬೇರೆಯಾಗಲೆಂದು. ಆ ಒಪ್ಪಿಗೆಯನ್ನು ಅಂಗಡಿಯ ಸರಕು ಮಾಡಿ, ಮಗುವಿನ ಅನ್ನವನ್ನು ಅದರ ಬೆಲೆಯಾಗಿ ಕೇಳುವುದನ್ನು ನಾವು ಸುಲಿಗೆ ಎಂದು ಕರೆಯುತ್ತೇವೆ. ಹೊಡೆತ ತಿಂದು ಬೇಸತ್ತವಳು ಬೆಲೆ ನೋಡದೆ ರುಜು ಹಾಕುತ್ತಾಳೆ. ಅದಕ್ಕೆ "ಸ್ವಸಂತೋಷದಿಂದ" ಎಂದು ಬರೆಯುವ ಬರಹಗಾರನ ಲೇಖನಿ ನಡುಗುವುದಿಲ್ಲ.

ಸರಕಾರದ ಪಾಲೂ ಇದರಲ್ಲಿ ಸಣ್ಣದಲ್ಲ. 1973ರ ಸಂಹಿತೆಯಲ್ಲಿ ಜೀವನಾಂಶ ತಿಂಗಳಿಗೆ 500 ರೂಪಾಯಿ ಮೀರಕೂಡದೆಂದು ಬರೆದಿಟ್ಟರು. ಅಕ್ಕಿಯ ಬೆಲೆ ಏರಿತು, ಎಣ್ಣೆಯ ಬೆಲೆ ಏರಿತು, ಮಂತ್ರಿಗಳ ಭತ್ಯೆ ಏರಿತು. ಈ 500 ಮಾತ್ರ 2001ರ ತನಕ ಕದಲಲಿಲ್ಲ. ಆ ವರ್ಷ ಮಿತಿಯನ್ನು ಕಿತ್ತುಹಾಕಿದರು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ಮುಟ್ಟಿದ ಅರುವತ್ತು ದಿನಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಬೇಕೆಂದೂ ಬರೆದರು. ಸಾಧ್ಯವಾದಷ್ಟು ಮಟ್ಟಿಗೆ! ಸರಕಾರಕ್ಕೆ ತೆರಿಗೆ ಕಟ್ಟುವ ಅಂಗಡಿಯವನಿಗೆ ಯಾವಾಗಲಾದರೂ ಹೀಗೆ ಹೇಳಿದ್ದುಂಟೇ? 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಮತ್ತು ನೇಹಾ ಮೊಕದ್ದಮೆಯ ತೀರ್ಪಿನಲ್ಲಿ ಗಂಡ ಹೆಂಡಿರಿಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಹಾಕಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕೆಂದೂ ಹೇಳಿತು. ಸಂಬಳ ಮರೆಮಾಡಿ ಕೈ ಬೀಸುವವರಿಗೆ ಇದು ಒಂದು ಕಡಿವಾಣ. ಆದರೆ ಕಡಿವಾಣ ಹಿಡಿಯುವ ಕೈ ಬೇಕು.

ಗಂಡಸರ ಪರವಾಗಿಯೂ ಮಾತುಂಟು. ಅದನ್ನು ಕೇಳದೆ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. "ಮಗುವಿನ ಮುಖವನ್ನೇ ನನಗೆ ತೋರಿಸುವುದಿಲ್ಲ. ಹಣ ಮಾತ್ರ ನನ್ನದು ಬೇಕೇ?" ಎಂದು ಕೇಳುವ ತಂದೆಯರಿದ್ದಾರೆ. ಅವರ ಎದೆಯ ನೋವು ಸುಳ್ಳಲ್ಲ. ಮಗುವನ್ನು ಸೇಡಿನ ಕತ್ತಿಯಾಗಿ ಹಿಡಿಯುವ ತಾಯಿಯ ಮನೆಯವರೂ ಉಂಟು, ಅವರನ್ನೂ ನಾವು ಖಂಡಿಸುತ್ತೇವೆ. ಮಗುವನ್ನು ನೋಡುವ ಹಕ್ಕಿಗೆ 1890ರ ಪಾಲಕರ ಕಾನೂನಿನ ಅಡಿಯಲ್ಲಿ ನ್ಯಾಯಾಲಯಕ್ಕೆ ಹೋಗಬಹುದು, ಹೋಗಲೇಬೇಕು. ಆದರೆ ಭೇಟಿ ಬೇರೆ, ಅನ್ನ ಬೇರೆ. ಮುಖ ತೋರಿಸದ ತಪ್ಪು ದೊಡ್ಡವರದು. ಅದಕ್ಕೆ ಉಪವಾಸದ ಶಿಕ್ಷೆ ಮಗುವಿಗೇಕೆ? ಮೇಲಾಗಿ, ಮಗುವಿನ ಮುಖಕ್ಕಾಗಿ ಹಂಬಲಿಸುವ ತಂದೆ "ಯಾವ ಹಕ್ಕೂ ಬೇಡ" ಎಂದು ಬರೆದುಕೊಡುವುದಿಲ್ಲ.

"ನಾನೇ ಬಡವ, ಎಲ್ಲಿಂದ ಕೊಡಲಿ?" ಎಂಬುದು ಇನ್ನೊಂದು. ಇದು ನಮ್ಮವರ ಮಾತು, ನಮ್ಮ ವರ್ಗದ ಮಾತು. ಇದಕ್ಕೆ ಸಿಟ್ಟಿನಿಂದ ಉತ್ತರ ಕೊಡಲಾಗದು. ಕಾರ್ಖಾನೆ ಬಾಗಿಲು ಹಾಕಿದಾಗ, ಮಳೆಗಾಲದಲ್ಲಿ ಹೊರೆ ಕೆಲಸ ನಿಂತಾಗ ಗಂಡಸಿನ ಜೇಬಿನಲ್ಲಿ ಏನೂ ಇರುವುದಿಲ್ಲ. ಅದಕ್ಕೇ ಕಾನೂನು ಮೊತ್ತವನ್ನು ಶಕ್ತಿ ನೋಡಿ ಇಡುತ್ತದೆ, ಸ್ಥಿತಿ ಬದಲಾದರೆ ಏರಿಸಲೂ ಇಳಿಸಲೂ ಬರುತ್ತದೆ. ಕಡಿಮೆ ಕೊಡುವುದು ಅವಮಾನವಲ್ಲ. ಇಲ್ಲದ ತಿಂಗಳು ಇಲ್ಲ ಎಂದು ನೇರವಾಗಿ ಹೇಳಿ, ಇರುವ ತಿಂಗಳು ಅಕ್ಕಿಯ ಚೀಲ ಇಳಿಸಿ ಹೋಗುವ ಬಡ ತಂದೆಯನ್ನು ನಾವು ಹತ್ತು ಮಂದಿ ಕಾಗದದ ಧೀರರಿಗಿಂತ ಮೇಲೆ ಎಣಿಸುತ್ತೇವೆ. ಅವನು ಬಡತನಕ್ಕೆ ಗುರಿಯಾದವನು. ಬಡತನವನ್ನು ಗುರಾಣಿ ಮಾಡಿಕೊಂಡವನು ಬೇರೆ.

ಮೂರನೆಯದು ಹೊಸ ಜಾಣತನ. 2023ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಆರಂಭಿಸಿದ್ದೇ ತಡ, "ಸರಕಾರವೇ ಕೊಡುತ್ತದಲ್ಲ, ನನ್ನದೇಕೆ?" ಎನ್ನುವವರು ಹುಟ್ಟಿಕೊಂಡರು. ಅಂದರೆ ಬೆವರು ಸುರಿಸಿ ತೆರಿಗೆ ತೆತ್ತ ನೀವು, ನಾವು, ಈ ಮಹಾಶಯನ ಮಗುವನ್ನು ಸಾಕಬೇಕು. ಅವನು ತನ್ನ ಸಂಬಳದಲ್ಲಿ ಮೋಟಾರು ಸೈಕಲಿನ ಕಂತು ಕಟ್ಟಿಕೊಳ್ಳಬೇಕು!

ಕಾಗದದ ಗೊಡವೆಯೂ ಇಲ್ಲದೆ "ಅದು ನನ್ನ ಮಗುವೇ ಅಲ್ಲ" ಎನ್ನುವವರ ವಿಷಯ ಒಂದೇ ಮಾತಿನಲ್ಲಿ ಮುಗಿಸೋಣ. ದುಷ್ಯಂತನೂ ತುಂಬಿದ ಸಭೆಯಲ್ಲಿ ಹೀಗೆಯೇ ಅಂದ. ಮಹಾಭಾರತದಲ್ಲಿ ಅಶರೀರವಾಣಿ ಬಂದು ಅವನಿಗೆ ಬುದ್ಧಿ ಹೇಳಬೇಕಾಯಿತು. ಬೆಳ್ತಂಗಡಿಯ ಕೋರ್ಟಿನಲ್ಲಿ ಅಶರೀರವಾಣಿ ಆಗುವುದಿಲ್ಲ. ಆದರೆ ದಾಂಪತ್ಯ ನಡೆಯುತ್ತಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಸಾಕ್ಷ್ಯದ ಕಾನೂನು ಹಿಡಿಯುತ್ತದೆ. ಅಲ್ಲವೆನ್ನುವವನು ಆ ಕಾಲದಲ್ಲಿ ತಾವಿಬ್ಬರೂ ಸೇರುವ ಸಂಭವವೇ ಇರಲಿಲ್ಲವೆಂದು ರುಜುವಾತು ಮಾಡಬೇಕು.

ಹೊರದೇಶಗಳಲ್ಲಿ ಏನು ಮಾಡಿದ್ದಾರೆ? ಸ್ವೀಡನ್ 1937ರಲ್ಲೇ ಒಂದು ಕಾನೂನು ಮಾಡಿತು: ತಂದೆ ಕೊಡದಿದ್ದರೆ ಮಗುವಿನ ಹಣವನ್ನು ಸಾರ್ವಜನಿಕ ಬೊಕ್ಕಸವೇ ಮುಂಗಡವಾಗಿ ಕೊಡುವುದು, ಆಮೇಲೆ ತಂದೆಯಿಂದ ವಸೂಲು ಮಾಡುವುದು. ಪಶ್ಚಿಮ ಜರ್ಮನಿ 1980ರ ಜನವರಿಯಿಂದ ಹಾಗೆಯೇ ಮಾಡತೊಡಗಿತು; ಇಂದಿನ ಜರ್ಮನಿಯಲ್ಲೂ ಅದು ಉಂಟು. ಇದರಲ್ಲಿ ಪವಾಡವೇನೂ ಇಲ್ಲ. ಮಗುವಿನ ಹಸಿವು ಕೋರ್ಟಿನ ಮುದ್ದತ್ತಿಗೆ ಕಾಯುವುದಿಲ್ಲ, ತಪ್ಪಿಸಿಕೊಂಡವನನ್ನು ಹುಡುಕುವ ಶಕ್ತಿ ಸರಕಾರಕ್ಕುಂಟು, ಬೀಡಿ ಕಟ್ಟುವ ಹೆಂಗಸಿಗೆ ಇಲ್ಲ ಎಂಬ ಸಾಮಾನ್ಯ ತಿಳಿವಳಿಕೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ, ತಂದೆ ತಾಯಿಯಿಂದ ಜೀವನಾಂಶವನ್ನು ದೇಶದೊಳಗಿನಿಂದಲೂ ಹೊರದೇಶದಿಂದಲೂ ವಸೂಲು ಮಾಡಿಸುವುದು ಸರಕಾರದ ಕರ್ತವ್ಯವೆನ್ನುತ್ತದೆ. ಭಾರತ ಅದಕ್ಕೆ 1992ರಲ್ಲಿ ಸೇರಿತು. ಮೂವತ್ತು ವರ್ಷ ಮೀರಿತು. ಕೊಲ್ಲಿ ದೇಶಗಳಿಗೆ ಇಷ್ಟು ಗಂಡಸರನ್ನು ಕಳಿಸಿದ ನಮ್ಮ ಜಿಲ್ಲೆಯ ತಾಯಂದಿರು ಆ ಕರ್ತವ್ಯದ ಫಲವನ್ನು ಇನ್ನೂ ಕಾಯುತ್ತಿದ್ದಾರೆ.

ನಮ್ಮ ಬೇಡಿಕೆ ಸ್ಪಷ್ಟ. ವೃದ್ಧರಿಗೆ ಇರುವಂಥ ನ್ಯಾಯಮಂಡಲಿ ಮಕ್ಕಳಿಗೂ ತಾಲೂಕಿನ ಮಟ್ಟದಲ್ಲಿ ಬೇಕು, ತೊಂಬತ್ತು ದಿನಗಳ ವಾಯಿದೆಯೊಂದಿಗೆ. ಆಜ್ಞೆಯಾದ ಹಣ ಬರದಿದ್ದರೆ ಸರಕಾರ ಮೊದಲು ಕೊಡಲಿ, ಆಮೇಲೆ ಕಂದಾಯದ ಬಾಕಿಯಂತೆ ಅವನಿಂದ ಎತ್ತಲಿ. ರೈತನ ಸಾಲದ ಬಾಕಿಗೆ ಮನೆ ಬಾಗಿಲಿಗೆ ಬರುವ ಅಧಿಕಾರಿಗಳಿಗೆ ಈ ದಾರಿ ಗೊತ್ತಿಲ್ಲದ್ದಲ್ಲ. ಇದಕ್ಕಾಗಿ ಸಂಘಗಳು ಠರಾವು ಮಾಡಲಿ, ಶಾಸಕರ ಮುಂದೆ ಇಡಲಿ.

ಊರಿನ ಹಿರಿಯರಿಗೆ, ಕಾರ್ಮಿಕ ಸಂಘದ ಮುಖಂಡರಿಗೆ, ಪೇಟೆಯ ವ್ಯಾಪಾರಸ್ಥರಿಗೆ ನಮ್ಮದು ಬೇರೆ ಬಿನ್ನಹ. ಗಂಡ ಹೆಂಡಿರ ರಾಜಿಗೆ ಕುಳಿತುಕೊಳ್ಳಿ. ಅದು ಪುಣ್ಯದ ಕೆಲಸ. ಮಗುವಿನ ಹಣ ಬಿಟ್ಟ ಸಾಲು ಕಾಗದದಲ್ಲಿ ಕಂಡರೆ ಸಾಕ್ಷಿ ಹಾಕದೆ ಎದ್ದುಬನ್ನಿ. ನಾಲ್ವರು ಎದ್ದುಬಂದರೆ ಐದನೆಯವನು ಕೂರುವುದಿಲ್ಲ.

ಈಗಾಗಲೇ ರುಜು ಹಾಕಿದ ಅಕ್ಕಂದಿರಿಗೆ: ಹೆದರಬೇಡಿ. ನೀವು ಬರೆದುಕೊಟ್ಟದ್ದು ಮಗುವನ್ನು ಕಟ್ಟುವುದಿಲ್ಲ. ಮಗುವಿನ ಹೆಸರಿನಲ್ಲಿ ನೀವು ಇರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 1987ರ ಕಾನೂನು ಸೇವೆಗಳ ಕಾನೂನಿನ 12ನೇ ಕಲಮಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡಬೇಕು. ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೋರ್ಟಿನಲ್ಲೇ ವಿಚಾರಿಸಿ. ಆಜ್ಞೆ ಕೈಯಲ್ಲಿದ್ದೂ ಹಣ ಬಾರದವರು ಒಂದು ಲೆಕ್ಕ ಮರೆಯಬಾರದು. ಬಾಕಿ ಬಿದ್ದ ಹಣಕ್ಕೆ ವಾರಂಟು ಬೇಕಾದರೆ ಅದು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ಕೊಡದ ಒಂದೊಂದು ತಿಂಗಳಿಗೆ ಒಂದು ತಿಂಗಳ ತನಕ ಅವನನ್ನು ಸೆರೆಯಲ್ಲಿಡಬಹುದು, ಸೆರೆಯಿಂದ ಬಂದರೂ ಬಾಕಿ ತೀರಿದಂತಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಹೋದ ವರ್ಷದ ಇದೇ ತಿಂಗಳಿನ ಹಣ ಬಂದಿಲ್ಲವಾದರೆ ಅರ್ಜಿಯನ್ನು ಈ ತಿಂಗಳೇ ಹಾಕಬೇಕು.